ಕ್ರೂಸ್ ಪ್ರವಾಸಕ್ಕೆ ಯಾವ ಕ್ರೆಡಿಟ್ ಕಾರ್ಡ್? ಹಾಸನ, ಚಿಕ್ಕಮಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಕಾಫಿಗೆ ಒಳ್ಳೆಯ ರೇಟು ಬಂದ ವರ್ಷಗಳಲ್ಲಿ ನಮ್ಮ ಕಡೆ ಪ್ರವಾಸದ ಮಾತೂ ಬದಲಾಯಿತು. ಸಕಲೇಶಪುರ, ಮೂಡಿಗೆರೆ, ಬೇಲೂರು ಸುತ್ತಿನ ಮನೆಗಳಲ್ಲಿ ಈಗ ಹಡಗಿನ ಪ್ರವಾಸದ ಮಾತು ಕೇಳಿಬರುತ್ತದೆ. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬಂದವರಿದ್ದಾರೆ, ಮಕ್ಕಳು ಸಿಂಗಾಪುರದಿಂದ ಕ್ರೂಸ್ ಬುಕ್ ಮಾಡಿ ಅಪ್ಪ ಅಮ್ಮನನ್ನು ಕರೆಸಿಕೊಂಡ ಮನೆಗಳಿವೆ. ಅದರ ಹಿಂದೆಯೇ ಬರುವ ಪ್ರಶ್ನೆ: ಇದಕ್ಕೆ ಯಾವ ಕ್ರೆಡಿಟ್ ಕಾರ್ಡ್ ತಗೊಂಡರೆ ಲಾಭ?

ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದು ಅಮೆರಿಕದವರಿಗಾಗಿ ಬರೆದ ಪಟ್ಟಿಗಳು. ರಾಯಲ್ ಕೆರಿಬಿಯನ್ ಹೆಸರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕೊಡುವ ಕಾರ್ಡು, ಕಾರ್ನಿವಲ್ ಹೆಸರಿನಲ್ಲಿ ಬಾರ್ಕ್ಲೇಸ್ ಕೊಡುವ ಕಾರ್ಡು, ಹೀಗೆ. ಅವು ಅಲ್ಲಿಯ ನಿವಾಸಿಗಳಿಗೆ ಮಾತ್ರ. ಆ ಪಟ್ಟಿಗಳನ್ನು ಅಲ್ಲೇ ಬಿಟ್ಟುಬಿಡಿ. ಇಲ್ಲಿಯ ಬ್ಯಾಂಕು, ಇಲ್ಲಿಯ ನಿಯಮ, ನಮ್ಮ ಆದಾಯ ಬರುವ ರೀತಿ, ಈ ಮೂರನ್ನೂ ಇಟ್ಟುಕೊಂಡು ಆರಿಸುವುದು ಹೇಗೆ ಎಂಬುದನ್ನು ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುವೆ: ಕಾರ್ಡಿನ ಮೇಲೆ ‘ಟ್ರಾವೆಲ್’ ಎಂದು ಬರೆದಿದೆ ಅಂದ ಮಾತ್ರಕ್ಕೆ ಅದು ಕ್ರೂಸಿಗೆ ಒಳ್ಳೆಯ ಕಾರ್ಡ್ ಆಗುವುದಿಲ್ಲ. ನಿಮ್ಮ ಹಡಗಿನ ಬಿಲ್ಲು ಯಾವ ದೇಶದಲ್ಲಿ, ಯಾವ ಕರೆನ್ಸಿಯಲ್ಲಿ, ಯಾರ ಹೆಸರಿನಲ್ಲಿ ಬೀಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಹಂತ 1: ಮೊದಲು ಹಡಗು ಗೊತ್ತು ಮಾಡಿಕೊಳ್ಳಿ

ಹೆಚ್ಚಿನವರು ಕಾರ್ಡ್ ಮೊದಲು ಮಾಡಿಸಿ, ಆಮೇಲೆ ಪ್ರವಾಸ ಹುಡುಕುತ್ತಾರೆ. ಉಲ್ಟಾ ಮಾಡಿ. ನಮ್ಮ ಕಡೆಯಿಂದ ಹೋಗುವವರಿಗೆ ಮುಖ್ಯವಾಗಿ ಎರಡು ದಾರಿ.

ಒಂದು, ದೇಶದೊಳಗಿನ ಕ್ರೂಸ್. ಕಾರ್ಡಿಲಿಯಾ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡಾಟ ಶುರುಮಾಡಿತು. ಅವರ ‘ಎಂಪ್ರೆಸ್’ ಹಡಗು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ನೀರಿಗಿಳಿದು, ರಾಯಲ್ ಕೆರಿಬಿಯನ್ ಬಳಿ ದುಡಿದು ಇಲ್ಲಿಗೆ ಬಂದದ್ದು. ಗೋವಾ, ಕೊಚ್ಚಿ, ಲಕ್ಷದ್ವೀಪ ಕಡೆಯ ಎರಡರಿಂದ ಐದು ರಾತ್ರಿಯ ಪ್ರವಾಸಗಳಿಗೆ ರೂಪಾಯಿಯಲ್ಲೇ ಹಣ ಕಟ್ಟಬಹುದು.

ಇನ್ನೊಂದು, ವಿದೇಶದಿಂದ ಹೊರಡುವ ಕ್ರೂಸ್. ಬೆಂಗಳೂರಿನಿಂದ ನೇರ ವಿಮಾನ ಇರುವುದರಿಂದ ಸಿಂಗಾಪುರ ಸುಲಭ. ರಾಯಲ್ ಕೆರಿಬಿಯನ್, ರೆಸಾರ್ಟ್ಸ್ ವರ್ಲ್ಡ್ ಹಡಗುಗಳು ಅಲ್ಲಿಂದ ಮಲೇಷ್ಯಾ, ಥಾಯ್ಲೆಂಡ್ ಕಡೆ ಹೋಗುತ್ತವೆ. ಚಳಿಗಾಲದಲ್ಲಿ ದುಬೈ ಕಡೆಯೂ ಹಡಗುಗಳಿರುತ್ತವೆ.

‘ಪಣಂಬೂರಿನ ನವಮಂಗಳೂರು ಬಂದರಿಗೇ ದೊಡ್ಡ ದೊಡ್ಡ ಕ್ರೂಸ್ ಹಡಗು ಬರುತ್ತವಲ್ಲ, ಅಲ್ಲೇ ಹತ್ತಬಹುದಾ?’ ಎಂದು ಕೇಳುವವರು ಬಹಳ. ಘಾಟಿ ಇಳಿದರೆ ಸಿಗುವ ಬಂದರು, ಆಸೆ ಸಹಜ. ಆದರೆ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಬರುವ ವಿದೇಶಿ ಹಡಗುಗಳು ಸಾಮಾನ್ಯವಾಗಿ ಒಂದು ಹಗಲು ನಿಂತು, ಪ್ರವಾಸಿಗರಿಗೆ ಮೂಡುಬಿದಿರೆ, ಕಾರ್ಕಳ ತೋರಿಸಿ ಸಂಜೆಗೆ ಹೊರಡುವಂಥವು. ನೀವು ಹತ್ತಬೇಕಾದದ್ದು ಆ ಪ್ರವಾಸ ಶುರುವಾಗುವ ಬಂದರಿನಲ್ಲಿ.

ಹಡಗು ಯಾವುದು ಎಂದು ಗೊತ್ತಾದ ಕೂಡಲೇ ಒಂದು ಹಾಳೆಯಲ್ಲಿ ಖರ್ಚನ್ನು ಎರಡು ಭಾಗ ಮಾಡಿ ಬರೆಯಿರಿ: ಇಲ್ಲಿಂದ ರೂಪಾಯಿಯಲ್ಲಿ ಕಟ್ಟುವುದು ಎಷ್ಟು, ಹೊರಗೆ ಡಾಲರಿನಲ್ಲಿ ಕಟ್ಟುವುದು ಎಷ್ಟು. ಕ್ಯಾಬಿನ್ ದರದ ಜೊತೆ ಬಂದರು ಶುಲ್ಕ, ತೆರಿಗೆ, ಹಡಗಿನ ಸಿಬ್ಬಂದಿಗೆ ಕೊಡುವ ಗ್ರಾಚುಟಿ, ವೈಫೈ, ಊಟ ತಿಂಡಿಯಾಚೆಗಿನ ಪಾನೀಯ, ದಡದ ಸುತ್ತಾಟ ಎಲ್ಲ ಸೇರಿಸಿ. ಅಂತರರಾಷ್ಟ್ರೀಯ ಹಡಗುಗಳಲ್ಲಿ ಗ್ರಾಚುಟಿಯೊಂದೇ ತಲೆಗೆ ದಿನಕ್ಕೆ ಸುಮಾರು 15ರಿಂದ 20 ಡಾಲರ್ ಆಗುತ್ತದೆ. ನಾಲ್ವರ ಕುಟುಂಬ ನಾಲ್ಕು ರಾತ್ರಿ ಹೋದರೆ ಇದೇ 240ರಿಂದ 320 ಡಾಲರ್. ಜಾಹೀರಾತಿನ ದೊಡ್ಡ ಅಕ್ಷರದಲ್ಲಿ ಇದು ಕಾಣುವುದಿಲ್ಲ.

ಹಂತ 2: ನಾಲ್ಕಂಕಿಯ ಕೋಡ್ ವಿಚಾರಿಸಿ

ಕಾರ್ಡ್ ಉಜ್ಜುವ ಪ್ರತಿ ಅಂಗಡಿಗೂ ಒಂದು ವ್ಯಾಪಾರ ಸಂಕೇತ ಇರುತ್ತದೆ. ಎಂಸಿಸಿ ಎನ್ನುತ್ತಾರೆ. ಹೋಟೆಲಿಗೆ ಬೇರೆ, ಪೆಟ್ರೋಲ್ ಬಂಕಿಗೆ ಬೇರೆ, ವಿಮಾನ ಕಂಪನಿಗೆ ಬೇರೆ. ಕ್ರೂಸ್ ಕಂಪನಿಗಳದ್ದು 4411. ಟ್ರಾವೆಲ್ ಏಜೆನ್ಸಿಗಳದ್ದು 4722.

ಬಹಳ ಜನ ಎಡವುವುದು ಇಲ್ಲೇ. ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಬಹುಮಾನವಾಗಿ ಪಾಯಿಂಟ್ ಕೊಡುತ್ತದೆ. ಅದು ‘ಪ್ರಯಾಣಕ್ಕೆ ಐದು ಪಟ್ಟು ಪಾಯಿಂಟ್’ ಎಂದಾಗ ಅದರ ಷರತ್ತುಗಳ ಕಡತದಲ್ಲಿ ಪ್ರಯಾಣ ಅಂದರೆ ವಿಮಾನ ಮತ್ತು ಹೋಟೆಲ್ ಮಾತ್ರ ಎಂದು ಬರೆದಿರಬಹುದು. ಆಗ 4411ರಲ್ಲಿ ಬಿದ್ದ ನಿಮ್ಮ ಎರಡು ಲಕ್ಷದ ಕ್ರೂಸ್ ಬಿಲ್ಲಿಗೆ ದಿನಸಿ ಅಂಗಡಿಯ ಲೆಕ್ಕದಲ್ಲಿ ಪಾಯಿಂಟ್ ಬರುತ್ತದೆ. ಕೆಲವು ಕಾರ್ಡುಗಳಲ್ಲಿ ಹೆಚ್ಚಿನ ಪಾಯಿಂಟ್ ಬೇಕಾದರೆ ಬ್ಯಾಂಕಿನದೇ ಪ್ರವಾಸ ಪೋರ್ಟಲಿನಲ್ಲಿ ಬುಕ್ ಮಾಡಬೇಕು. ಆ ಪೋರ್ಟಲಿನಲ್ಲಿ ವಿಮಾನ, ಹೋಟೆಲ್ ಇರುತ್ತದೆ, ಕ್ರೂಸ್ ಇರಲೇಬೇಕೆಂದಿಲ್ಲ.

ಆದ್ದರಿಂದ ಅರ್ಜಿ ಹಾಕುವ ಮೊದಲು ಬ್ಯಾಂಕಿನ ಗ್ರಾಹಕ ಸೇವೆಗೆ ಇಮೇಲ್ ಬರೆದು ನೇರವಾಗಿ ಕೇಳಿ: ‘ಎಂಸಿಸಿ 4411ಕ್ಕೆ ಈ ಕಾರ್ಡಿನಲ್ಲಿ ಹೆಚ್ಚುವರಿ ಪಾಯಿಂಟ್ ಇದೆಯೇ? 4722ಕ್ಕೆ ಇದೆಯೇ? ತಿಂಗಳಿಗೆ ಮಿತಿ ಎಷ್ಟು?’ ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ ಹೌದು ಸಾರ್ ಎಂಬ ಉತ್ತರ ಬರಬಹುದು, ಇಮೇಲಿನ ಉತ್ತರ ಕೈಯಲ್ಲಿ ದಾಖಲೆಯಾಗಿ ಉಳಿಯುತ್ತದೆ. ಮಾಲ್ ಅಥವಾ ವಿಮಾನ ನಿಲ್ದಾಣದ ಮೇಜಿನ ಬಳಿ ಕಾರ್ಡ್ ಮಾರುವವರ ಬಾಯಿಮಾತನ್ನು ನಂಬಿ ಸಹಿ ಹಾಕಬೇಡಿ. ಬ್ಯಾಂಕು ಮುಖ್ಯ ಷರತ್ತುಗಳ ಕಡತವನ್ನು ಕೊಡಲೇಬೇಕು, ಅದನ್ನು ಮನೆಗೆ ತಂದು ಓದಿ.

ಏಜೆಂಟರ ಮೂಲಕ ಬುಕ್ ಮಾಡಿದರೆ ಬಿಲ್ಲು ಏಜೆಂಟರ ಹೆಸರಿನಲ್ಲಿ, ರೂಪಾಯಿಯಲ್ಲಿ ಬೀಳುತ್ತದೆ. ಆಗ ನಿಮ್ಮ ಕಾರ್ಡಿಗೆ ಇದು ವಿದೇಶಿ ಖರ್ಚೇ ಅಲ್ಲ. ಕಾರ್ಡ್ ಉಜ್ಜಿದರೆ ಶೇ. 2 ಹೆಚ್ಚು ಎನ್ನುವ ಏಜೆಂಟರೂ ಇದ್ದಾರೆ. ಶೇ. 1 ಪಾಯಿಂಟಿಗಾಗಿ ಶೇ. 2 ಕೊಡುವುದು ನಷ್ಟ. ಅಂಥ ಕಡೆ ಬ್ಯಾಂಕ್ ವರ್ಗಾವಣೆಯೇ ವಾಸಿ.

ಹಂತ 3: ಫಾರೆಕ್ಸ್ ಮಾರ್ಕಪ್ ಲೆಕ್ಕ ಹಾಕಿ

ವಿದೇಶಿ ಕ್ರೂಸಿಗೆ ಕಾರ್ಡ್ ಆರಿಸುವಾಗ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಡಾಲರಿನಲ್ಲಿ ಖರ್ಚು ಮಾಡಿದಾಗ ಬ್ಯಾಂಕು ವಿನಿಮಯ ದರದ ಮೇಲೆ ತನ್ನ ಶುಲ್ಕ ಸೇರಿಸುತ್ತದೆ. ಸಾಮಾನ್ಯ ಕಾರ್ಡುಗಳಲ್ಲಿ ಇದು ಶೇ. 3.5. ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು ಶೇ. 4.13. ದೊಡ್ಡ ದರ್ಜೆಯ ಹಲವು ಕಾರ್ಡುಗಳಲ್ಲಿ ಶೇ. 2, ಜಿಎಸ್‌ಟಿ ಸೇರಿ ಶೇ. 2.36. ಮಾರ್ಕಪ್ಪೇ ಇಲ್ಲದ ಕಾರ್ಡುಗಳೂ ಇವೆ. ಫೆಡರಲ್ ಬ್ಯಾಂಕ್ ಜೊತೆಗೂಡಿ ಬಂದ ಸ್ಕೇಪಿಯಾ, ಎಫ್‌ಡಿ ಇಟ್ಟು ಪಡೆಯುವ ಐಡಿಎಫ್‌ಸಿ ಫಸ್ಟ್ ವಾವ್ ಇವು ಹೆಸರು ಮಾಡಿದ್ದೇ ಈ ಗುಣದಿಂದ. ಬ್ಯಾಂಕುಗಳು ಷರತ್ತು ಬದಲಿಸುವುದು ಮಾಮೂಲು, ಅರ್ಜಿ ಹಾಕುವ ದಿನ ಬ್ಯಾಂಕಿನ ಪುಟದಲ್ಲೇ ಇನ್ನೊಮ್ಮೆ ನೋಡಿ.

ಎರಡು ಲಕ್ಷ ರೂಪಾಯಿಯಷ್ಟು ವಿದೇಶಿ ಬಿಲ್ಲು ಎಂದು ಇಟ್ಟುಕೊಂಡು ಲೆಕ್ಕ ಹಾಕೋಣ.

ಶೇ. 3.5 ಮಾರ್ಕಪ್ ಇರುವ ಕಾರ್ಡಿನಲ್ಲಿ ₹7,000 ಮಾರ್ಕಪ್, ಅದರ ಮೇಲೆ ₹1,260 ಜಿಎಸ್‌ಟಿ, ಒಟ್ಟು ₹8,260 ಹೋಗುತ್ತದೆ. ಶೇ. 1ರ ಲೆಕ್ಕದಲ್ಲಿ ಪಾಯಿಂಟ್ ಬಂದರೆ ಅದರ ಬೆಲೆ ₹2,000. ನಿವ್ವಳ ನಷ್ಟ ₹6,260.

ಶೇ. 2 ಮಾರ್ಕಪ್ ಕಾರ್ಡಿನಲ್ಲಿ ₹4,720 ಹೋಗುತ್ತದೆ. ಆ ಕಾರ್ಡ್ ಶೇ. 3ರ ಬೆಲೆಯ ಪಾಯಿಂಟ್ ಕೊಟ್ಟರೆ ₹6,000 ಬರುತ್ತದೆ. ನಿವ್ವಳ ಲಾಭ ₹1,280. ಆದರೆ ಇಂಥ ಕಾರ್ಡುಗಳ ವಾರ್ಷಿಕ ಶುಲ್ಕ ಸಾವಿರಗಳಲ್ಲಿ ಇರುತ್ತದೆ, ಅದನ್ನು ಕಳೆದು ನೋಡಬೇಕು.

ಮಾರ್ಕಪ್ ಇಲ್ಲದ, ಶುಲ್ಕವೂ ಇಲ್ಲದ ಕಾರ್ಡಿನಲ್ಲಿ ವಿದೇಶಿ ಖರ್ಚಿಗೆ ಒಂದು ಪಾಯಿಂಟೂ ಬಾರದಿದ್ದರೂ ನಷ್ಟ ಸೊನ್ನೆ.

ಎರಡು ಮೂರು ವರ್ಷಕ್ಕೊಮ್ಮೆ ಹೊರಗೆ ಹೋಗುವ ಕುಟುಂಬಕ್ಕೆ ನನ್ನ ಸಲಹೆ ಮೂರನೆಯದು. ಪಾಯಿಂಟಿನ ಆಸೆಗೆ ಐದು, ಹತ್ತು ಸಾವಿರ ಶುಲ್ಕದ ಕಾರ್ಡ್ ಹಿಡಿಯುವುದು ವರ್ಷವಿಡೀ ದೊಡ್ಡ ಖರ್ಚು ಕಾರ್ಡಿನಲ್ಲೇ ಮಾಡುವವರಿಗೆ ಸರಿ. ಮನೆಗೊಂದು ಪ್ರವಾಸಕ್ಕೆ ಅದು ಬೇಡ.

ಇನ್ನೊಂದು ಕಡೆ ಎಚ್ಚರ ಬೇಕು. ದಡಕ್ಕಿಳಿದು ಏನೋ ಕೊಳ್ಳುವಾಗ ಸ್ವೈಪ್ ಯಂತ್ರದ ಪರದೆಯ ಮೇಲೆ ಎರಡು ಮೊತ್ತ ಕಾಣುತ್ತದೆ: ಒಂದು ಅಲ್ಲಿಯ ಡಾಲರಿನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಕೆಳಗೆ ‘ನಿಮ್ಮ ಸ್ವಂತ ಕರೆನ್ಸಿಯಲ್ಲಿ ಪಾವತಿಸುವಿರಾ’ ಎಂಬ ಪ್ರಶ್ನೆ. ರೂಪಾಯಿ ಕಂಡ ಕೂಡಲೇ ನಮ್ಮ ಬೆರಳು ಅಲ್ಲಿಗೇ ಹೋಗುತ್ತದೆ. ಒತ್ತಬೇಡಿ. ಆ ಪರಿವರ್ತನೆ ಮಾಡುವುದು ಅಂಗಡಿಯ ಕಡೆಯ ಸಂಸ್ಥೆ, ದರ ಅವರದು, ಸಾಮಾನ್ಯವಾಗಿ ದುಬಾರಿ. ಸಾಲದ್ದಕ್ಕೆ, ವಿದೇಶದಲ್ಲಿ ನೋಂದಾಯಿಸಿದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಟ್ಟರೂ ನಮ್ಮ ಹಲವು ಬ್ಯಾಂಕುಗಳು ಶೇ. 1 ಅಥವಾ ಅದಕ್ಕಿಂತ ಹೆಚ್ಚು ಶುಲ್ಕ ಹಾಕುತ್ತವೆ. ಮಾರ್ಕಪ್ ಇಲ್ಲದ ಕಾರ್ಡ್ ಇಟ್ಟುಕೊಂಡು ಇಲ್ಲಿ ರೂಪಾಯಿ ಒತ್ತಿದರೆ ಕಾರ್ಡಿನ ಪ್ರಯೋಜನವೇ ಹೋಯಿತು. ಯಾವಾಗಲೂ ಅಲ್ಲಿಯ ಕರೆನ್ಸಿಯನ್ನೇ ಆರಿಸಿ.

ಹಂತ 4: ನಿಮಗೆ ಕಾರ್ಡ್ ಸಿಗುವ ದಾರಿ ಯಾವುದು?

ಹಾಸನದ ಕಾಲೇಜು ಉಪನ್ಯಾಸಕರಿಗೆ, ಬ್ಯಾಂಕ್ ನೌಕರರಿಗೆ ಈ ಹಂತ ಸಲೀಸು. ಸಂಬಳದ ಚೀಟಿ, ಫಾರ್ಮ್ 16 ಕೊಟ್ಟರೆ ಮುಗಿಯಿತು. ತೊಂದರೆ ಇರುವುದು ಬೆಳೆಗಾರರಿಗೆ.

ಹತ್ತು ಎಕರೆ ರೊಬಸ್ಟಾ ಇದ್ದು ವರ್ಷಕ್ಕೆ ಒಳ್ಳೆಯ ಹಣ ನೋಡುವವರ ಅರ್ಜಿ ತಿರಸ್ಕೃತವಾಗಿ, ತಿಂಗಳಿಗೆ ನಲವತ್ತು ಸಾವಿರ ಸಂಬಳದ ಮಗನಿಗೆ ಕಾರ್ಡ್ ಸಿಕ್ಕ ಉದಾಹರಣೆ ನಮ್ಮ ಕಡೆ ಧಾರಾಳ. ಕಾರಣ ಸರಳ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಹಲವರು ರಿಟರ್ನ್ಸ್ ಸಲ್ಲಿಸುವುದೇ ಇಲ್ಲ. ಬ್ಯಾಂಕಿನ ಕಂಪ್ಯೂಟರಿಗೆ ತೋಟ ಕಾಣುವುದಿಲ್ಲ, ರಿಟರ್ನ್ಸ್ ಕಾಣುತ್ತದೆ. ಕಾಫಿ ಬೆಳೆದು ತಾವೇ ಕ್ಯೂರಿಂಗ್ ಮಾಡಿಸಿ ಮಾರುವವರ ವಿಷಯ ಬೇರೆ, ಅವರ ಆ ಆದಾಯದಲ್ಲಿ ಶೇ. 25 ವ್ಯವಹಾರದ ಆದಾಯವಾಗಿ ತೆರಿಗೆಗೆ ಬರುತ್ತದೆ. ಚೆರಿ, ಪಾರ್ಚ್‌ಮೆಂಟ್ ಹಂತದಲ್ಲೇ ಮಾರುವವರೂ ಕೃಷಿ ಆದಾಯವನ್ನು ತೋರಿಸಿ ರಿಟರ್ನ್ಸ್ ಸಲ್ಲಿಸುವ ಅಭ್ಯಾಸ ಇಟ್ಟುಕೊಂಡರೆ ಎರಡು ಮೂರು ವರ್ಷದಲ್ಲಿ ಅರ್ಜಿಗೆ ತೂಕ ಬರುತ್ತದೆ. ವೀಸಾ ಅರ್ಜಿಗೂ ಅದು ಬೇಕಾಗುತ್ತದೆ. ನಿಮ್ಮ ಆಡಿಟರನ್ನು ಕೇಳಿ ಮಾಡಿ.

ಅಷ್ಟು ಕಾಯಲು ಆಗದವರಿಗೆ ಎಫ್‌ಡಿ ಮೇಲಿನ ಕಾರ್ಡ್ ಇದೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಅದರ ಬಹುಪಾಲನ್ನು, ಕೆಲವೆಡೆ ಪೂರ್ತಿಯನ್ನು ಮಿತಿಯಾಗಿ ಕೊಡುತ್ತಾರೆ. ಆದಾಯದ ಪುರಾವೆ ಕೇಳುವುದಿಲ್ಲ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಕಾಫಿ ಮಾರಿದ ಹಣದಲ್ಲಿ ಎರಡು ಮೂರು ಲಕ್ಷ ಹೇಗೂ ಠೇವಣಿ ಇಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಇದನ್ನು ಎರಡನೇ ದರ್ಜೆಯ ಕಾರ್ಡ್ ಎಂದು ಸಂಕೋಚ ಪಡುವ ಅಗತ್ಯವೇ ಇಲ್ಲ. ಹಡಗಿನ ಕೌಂಟರಿನಲ್ಲಿ ಅದೂ ಎಲ್ಲ ಕಾರ್ಡುಗಳಂತೆ ನಡೆಯುತ್ತದೆ, ಸಾಲದ ಇತಿಹಾಸವನ್ನೂ ಕಟ್ಟಿಕೊಡುತ್ತದೆ.

ಸಾಲದ ಇತಿಹಾಸ ಎಂದಾಗ ಒಂದು ಮಾತು. ಸೊಸೈಟಿ, ಬ್ಯಾಂಕುಗಳಲ್ಲಿ ತೆಗೆದ ಬೆಳೆ ಸಾಲ, ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಕೂಡ ಸಿಬಿಲ್ ವರದಿಯಲ್ಲಿ, ಅಂದರೆ ಬ್ಯಾಂಕುಗಳು ನೋಡುವ ನಿಮ್ಮ ಸಾಲದ ಇತಿಹಾಸದ ದಾಖಲೆಯಲ್ಲಿ, ಕಾಣಿಸಿಕೊಳ್ಳಬಹುದು. ಮನ್ನಾ ಆಗಬಹುದೆಂದು ಕಂತು ನಿಲ್ಲಿಸಿ ಸಾಲ ಸುಸ್ತಿಯಾದರೆ ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಸಾಲದ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅರ್ಜಿ ಹಾಕುವ ಮೊದಲು ಅದನ್ನು ತರಿಸಿ ನೋಡಿ, ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರುತ್ತಿದ್ದರೆ ಸರಿಪಡಿಸಿಕೊಳ್ಳಿ. ಆ ವರದಿಯಲ್ಲಿ ಕೊಡುವ ಅಂಕ 750ರ ಮೇಲಿದ್ದರೆ ಚಿಂತೆ ಇಲ್ಲ. ಒಂದೇ ತಿಂಗಳಲ್ಲಿ ನಾಲ್ಕೈದು ಬ್ಯಾಂಕಿಗೆ ಅರ್ಜಿ ಹಾಕುವುದು ಬೇಡ, ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ.

ಯಾವ ಜಾಲದ ಕಾರ್ಡ್? ಹಡಗಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಊರಿನ ಗೊಬ್ಬರದ ಅಂಗಡಿಯ ಕ್ಯೂಆರ್ ಕೋಡಿಗೂ ಹಣ ಕೊಡಬಹುದು, ಅದು ಊರೊಳಗೆ ಬಹಳ ಅನುಕೂಲ. ಆದರೆ ವಿದೇಶಿ ಹಡಗಿನಲ್ಲಿ ಅದೊಂದನ್ನೇ ನಂಬಿ ಹೋಗಬೇಡಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಬ್ಯಾಂಕಿನ, ಬೇರೆ ಬೇರೆ ಜಾಲದ ಒಂದೊಂದು ಕಾರ್ಡ್ ಇಟ್ಟುಕೊಂಡರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ.

ಹಂತ 5: ಪಾಯಿಂಟನ್ನು ಹಡಗಿಗಲ್ಲ, ವಿಮಾನಕ್ಕೆ ಬಳಸಿ

ಕ್ರೂಸ್ ಕ್ಯಾಬಿನ್ನಿಗೆ ನೇರವಾಗಿ ಪಾಯಿಂಟ್ ಕೊಡುವ ಅವಕಾಶ ಇಲ್ಲಿಯ ಕಾರ್ಡುಗಳಲ್ಲಿ ಅಪರೂಪ. ಇದ್ದರೂ ಬೆಲೆ ಕಡಿಮೆ. ಪಾಯಿಂಟಿಗೆ ಹೆಚ್ಚು ಬೆಲೆ ಬರುವುದು ವಿಮಾನದ ಟಿಕೆಟಿನಲ್ಲಿ. ಎಚ್‌ಡಿಎಫ್‌ಸಿ, ಆಕ್ಸಿಸ್‌ನಂಥ ಬ್ಯಾಂಕುಗಳ ಮೇಲ್ದರ್ಜೆಯ ಕಾರ್ಡಿನ ಪಾಯಿಂಟನ್ನು ಸಿಂಗಾಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್‌ನಂಥ ಯೋಜನೆಗಳಿಗೆ ವರ್ಗಾಯಿಸಿ, ಆ ಮೈಲುಗಳಿಂದ ಬೆಂಗಳೂರು–ಸಿಂಗಾಪುರ ಟಿಕೆಟ್ ಪಡೆಯಬಹುದು. ತೆರಿಗೆ ಮಾತ್ರ ಕೈಯಿಂದ ಕೊಡಬೇಕು. ವರ್ಗಾವಣೆಯ ಅನುಪಾತ ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತದೆ. ಒಮ್ಮೆ ವರ್ಗಾಯಿಸಿದ ಪಾಯಿಂಟ್ ಹಿಂದೆ ಬರುವುದಿಲ್ಲ. ಆದ್ದರಿಂದ ಆ ದಿನದ ಸೀಟು ಇದೆಯೆಂದು ಕಂಡ ಮೇಲೆಯೇ ವರ್ಗಾಯಿಸಿ.

ಇಂಧನ, ಬಾಡಿಗೆ, ಸರ್ಕಾರಿ ಪಾವತಿಗಳಿಗೆ ಬಹಳಷ್ಟು ಕಾರ್ಡುಗಳಲ್ಲಿ ಪಾಯಿಂಟ್ ಇರುವುದಿಲ್ಲ. ತೋಟದ ಡೀಸೆಲ್ ಖರ್ಚಿನಿಂದ ಪಾಯಿಂಟ್ ಗುಡ್ಡೆ ಹಾಕುವ ಯೋಜನೆ ಇದ್ದರೆ ಮೊದಲೇ ಕೈಬಿಡಿ. ಶುಲ್ಕ ಮನ್ನಾ ಆಗಲು ಬೇಕಾದ ವಾರ್ಷಿಕ ಖರ್ಚಿನ ಗುರಿಗೂ ಇವು ಎಷ್ಟೋ ಸಲ ಲೆಕ್ಕಕ್ಕೆ ಬರುವುದಿಲ್ಲ.

ಹಂತ 6: ಲೌಂಜ್ ಮತ್ತು ವಿಮೆ

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ. ವಿಮಾನ ನಿಲ್ದಾಣ ದೇವನಹಳ್ಳಿಯ ಕಡೆ ಇರುವುದರಿಂದ ಇನ್ನೂ ದೂರ. ಬೆಳಗಿನ ಜಾವದ ವಿಮಾನಕ್ಕೆ ನಮ್ಮವರು ನೆಲಮಂಗಲದ ಟ್ರಾಫಿಕ್ಕಿಗೆ ಹೆದರಿ ಹಿಂದಿನ ರಾತ್ರಿಯೇ ಹೋಗಿ ಕೂರುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಲೌಂಜ್ ನಿಜಕ್ಕೂ ಉಪಕಾರ. ಬಿಸಿ ಊಟ, ಕಾಲು ಚಾಚುವ ಜಾಗ, ಶುಚಿಯಾದ ಶೌಚಾಲಯ ಸಿಗುತ್ತದೆ.

ಆದರೆ ಹಿಂದಿನಂತೆ ಕಾರ್ಡ್ ತೋರಿಸಿ ಒಳಗೆ ಹೋಗುವ ಕಾಲ ಮುಗಿಯಿತು. ಹಲವು ಕಾರ್ಡುಗಳಲ್ಲಿ ಹಿಂದಿನ ತ್ರೈಮಾಸಿಕದಲ್ಲಿ (ಜನವರಿ–ಮಾರ್ಚ್, ಏಪ್ರಿಲ್–ಜೂನ್ ಹೀಗೆ) ಇಷ್ಟು ಖರ್ಚು ಮಾಡಿರಬೇಕು ಎಂಬ ಷರತ್ತು ಬಂದಿದೆ. ಮೇ ತಿಂಗಳ ಪ್ರಯಾಣಕ್ಕೆ ಜನವರಿಯಿಂದ ಮಾರ್ಚ್ ಒಳಗಿನ ಖರ್ಚು ಲೆಕ್ಕ. ಕ್ರೂಸಿನ ಅಂತಿಮ ಕಂತನ್ನು ಆ ಅವಧಿಯಲ್ಲೇ ಅದೇ ಕಾರ್ಡಿನಲ್ಲಿ ಕಟ್ಟಿದರೆ ಗುರಿ ತಾನಾಗಿ ಮುಟ್ಟುತ್ತದೆ. ಜೊತೆಗಿರುವವರಿಗೆ ಪ್ರವೇಶ ಇದೆಯೇ ಎಂಬುದನ್ನೂ ಕೇಳಿಕೊಳ್ಳಿ, ಹೆಚ್ಚಿನ ಕಾರ್ಡುಗಳು ಕಾರ್ಡುದಾರನನ್ನು ಮಾತ್ರ ಬಿಡುತ್ತವೆ.

ಕಾರ್ಡಿನ ಜೊತೆ ಬರುವ ‘ಉಚಿತ ಪ್ರಯಾಣ ವಿಮೆ’ಯನ್ನು ಕ್ರೂಸಿಗೆ ನೆಚ್ಚಿಕೊಳ್ಳಬೇಡಿ. ಅದು ಬಹುತೇಕ ವಿಮಾನ ಅಪಘಾತ, ಲಗೇಜು ಕಳೆಯುವುದು ಇಂಥದ್ದಕ್ಕೆ. ಹಡಗಿನಲ್ಲಿ ವೈದ್ಯರಿದ್ದರೂ ಅವರ ಬಿಲ್ಲು ಡಾಲರಿನಲ್ಲಿ. ನಡುಸಮುದ್ರದಿಂದ ರೋಗಿಯನ್ನು ದಡಕ್ಕೆ ಸಾಗಿಸಬೇಕಾದರೆ ಖರ್ಚು ಲಕ್ಷಗಳನ್ನು ದಾಟುತ್ತದೆ. ಕ್ರೂಸ್ ಎಂದು ಸ್ಪಷ್ಟವಾಗಿ ಬರೆದಿರುವ, ವೈದ್ಯಕೀಯ ಸ್ಥಳಾಂತರ ಸೇರಿರುವ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಿ. ಅಪ್ಪ ಅಮ್ಮನ ಬಿಪಿ, ಸಕ್ಕರೆ ಕಾಯಿಲೆಯನ್ನು ಮುಚ್ಚಿಡದೆ ನಮೂದಿಸಿ.

ಹಂತ 7: ಹಣ ಕಟ್ಟುವ ದಿನಾಂಕವನ್ನು ತೋಟದ ಕ್ಯಾಲೆಂಡರಿಗೆ ಹೊಂದಿಸಿ

ವಿದೇಶಿ ಕ್ರೂಸಿಗೆ ಮೊದಲು ಮುಂಗಡ ಕಟ್ಟಿ, ಉಳಿದದ್ದನ್ನು ಹಡಗು ಹೊರಡುವ ಸುಮಾರು ಎರಡೂವರೆ, ಮೂರು ತಿಂಗಳ ಮೊದಲು ಕಟ್ಟುವ ಪದ್ಧತಿ. ಆ ದಿನ ದಾಟಿದ ಮೇಲೆ ರದ್ದು ಮಾಡಿದರೆ ಹಂತ ಹಂತವಾಗಿ ಹಣ ಮುರಿದುಕೊಳ್ಳುತ್ತಾರೆ.

ಇದನ್ನು ನಮ್ಮ ವರ್ಷಕ್ಕೆ ಹೊಂದಿಸಿ ನೋಡಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಹಿಂದೆ ಮಾರ್ಚಿನವರೆಗೆ. ಆಮೇಲೆ ಸ್ಪ್ರಿಂಕ್ಲರ್, ಹೂ ಮಳೆ, ಬ್ಯಾಕಿಂಗ್ ಮಳೆಯ ಚಿಂತೆ. ಬೆಳೆಗಾರರ ಮನೆಗೆ ಬಿಡುವು ಏಪ್ರಿಲ್ ಕೊನೆಯಿಂದ ಮೇ, ಅಥವಾ ಮಳೆ ಇಳಿದ ಮೇಲೆ ದಸರಾ ರಜೆ. ಮೇ ತಿಂಗಳಿಗೆ ಹೋಗಬೇಕಾದರೆ ಪೂರ್ತಿ ಹಣವನ್ನು ಫೆಬ್ರವರಿಯಲ್ಲೇ ಕಟ್ಟಬೇಕು. ಆಗ ಇನ್ನೂ ಕಣದಲ್ಲಿ ಚೆರಿ ಒಣಗುತ್ತಿರುತ್ತದೆ, ಕೊಯ್ಲಿನ ಕೂಲಿ ಕೊಡಬೇಕಾಗಿರುತ್ತದೆ, ಹಣ ಕೈಗೆ ಬಂದಿರುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಯಿಲ್ಲದ ಅವಧಿ ಹೆಚ್ಚೆಂದರೆ ಐವತ್ತು ದಿನದ ಆಸುಪಾಸು. ಕಾರ್ಡಿನ ಬಿಲ್ ತಯಾರಾಗುವ ದಿನದ ಮಾರನೇ ದಿನವೇ ಕ್ರೂಸಿನ ಹಣ ಕಟ್ಟಿದರೆ ಮಾತ್ರ ಪೂರ್ತಿ ಅವಧಿ ಸಿಗುತ್ತದೆ. ಬಿಲ್ಲಿಂಗ್ ದಿನ ನಿಮಗೆ ಹೊಂದದಿದ್ದರೆ ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕ್ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ.

ಬೆಳೆಗಾರರಿಗೆ ನಾನು ಹೇಳುವುದು ದಸರಾ ಹೊತ್ತಿನ ಪ್ರವಾಸ. ಅಂತಿಮ ಕಂತು ಜುಲೈ ಹೊತ್ತಿಗೆ ಬರುತ್ತದೆ, ಕಾಫಿ ಮಾರಿ ಹಣ ಬ್ಯಾಂಕಿನಲ್ಲಿ ಇರುತ್ತದೆ.

ಏಜೆಂಟರ ಮೂಲಕ ವಿದೇಶಿ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವವರೇ ಮುಂಚಿತವಾಗಿ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಎಂದು ಒಂದಿಷ್ಟು ಹೆಚ್ಚು ಹಣ ತೆಗೆದುಕೊಳ್ಳುತ್ತಾರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತಿರುವುದರಿಂದ ಆ ವರ್ಷದ್ದನ್ನು ಕೇಳಿಕೊಳ್ಳಿ. ಅದು ಹೋದ ಹಣವಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿರುತ್ತದೆ, ರಿಟರ್ನ್ಸ್ ಸಲ್ಲಿಸಿದಾಗ ಹಿಂದೆ ಪಡೆಯಬಹುದು. ಯಾರ ಪ್ಯಾನ್ ಕೊಡುತ್ತೀರೋ ಅವರೇ ರಿಟರ್ನ್ಸ್ ಸಲ್ಲಿಸಬೇಕು, ಮನೆಯಲ್ಲಿ ರಿಟರ್ನ್ಸ್ ಸಲ್ಲಿಸುವವರ ಪ್ಯಾನನ್ನೇ ಕೊಡಿ.

ಹಂತ 8: ಹೊರಡುವ ಮೊದಲು, ಹಡಗಿನೊಳಗೆ

ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ದಿನದ ಮಿತಿ ಹೊಂದಿಸಿ. ಈ ಕೆಲಸ ಮನೆಯಲ್ಲೇ ಆಗಲಿ. ಹಡಗಿನಲ್ಲಿ ಒಟಿಪಿ ಬರುವ ಖಾತ್ರಿ ಇಲ್ಲ.

ಹಡಗಿನ ಚೆಕ್‌ಇನ್ ಕೌಂಟರಿನಲ್ಲಿ ನಡೆಯುವುದು ಇಷ್ಟು. ಪಾಸ್‌ಪೋರ್ಟ್ ನೋಡಿ, ಫೋಟೋ ತೆಗೆದು, ನಿಮ್ಮ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಅದನ್ನು ಜೋಡಿಸಿ ಪ್ಲಾಸ್ಟಿಕ್ಕಿನ ಹಡಗಿನ ಕಾರ್ಡ್ ಕೈಗೆ ಕೊಡುತ್ತಾರೆ. ಕ್ಯಾಬಿನ್ ಬೀಗಕ್ಕೂ ಅದೇ, ಜ್ಯೂಸ್ ಕೊಳ್ಳಲೂ ಅದೇ. ಒಳಗೆ ನಗದು ನಡೆಯುವುದಿಲ್ಲ. ನೀವು ಏನು ತೆಗೆದುಕೊಂಡರೂ ಖಾತೆಗೆ ಬರೆದುಕೊಂಡು, ಅಷ್ಟು ಮೊತ್ತವನ್ನು ನಿಮ್ಮ ಕಾರ್ಡಿನಲ್ಲಿ ತಡೆಹಿಡಿಯುತ್ತಾ ಹೋಗುತ್ತಾರೆ. ಈ ತಡೆ ತೆರವಾಗಲು ಇಳಿದ ಮೇಲೂ ಕೆಲವು ದಿನ ಹಿಡಿಯುತ್ತದೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಉಳಿತಾಯ ಖಾತೆಯ ನಿಜವಾದ ಹಣವೇ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡನ್ನೇ ಕೊಡಿ, ಅದರಲ್ಲಿ ಅಂದಾಜು ಖರ್ಚಿಗಿಂತ ಸಾಕಷ್ಟು ಹೆಚ್ಚು ಮಿತಿ ಖಾಲಿ ಇರಲಿ.

ಮಕ್ಕಳಿಗೂ ಹಡಗಿನ ಕಾರ್ಡ್ ಸಿಗುತ್ತದೆ. ಗೇಮ್ ಪಾರ್ಲರಿನಲ್ಲಿ ಅದನ್ನು ಉಜ್ಜಿದರೆ ಬಿಲ್ಲು ನಿಮ್ಮದು. ಮಕ್ಕಳ ಕಾರ್ಡಿಗೆ ಖರ್ಚಿನ ಅವಕಾಶ ಬೇಡ ಎಂದು ಸ್ವಾಗತ ಕೌಂಟರಿನಲ್ಲಿ ಹೇಳಿದರೆ ಮುಚ್ಚಿಕೊಡುತ್ತಾರೆ. ಕ್ಯಾಸಿನೋದಲ್ಲಿ ಹಡಗಿನ ಖಾತೆಯಿಂದ ಹಣ ತೆಗೆಯಬೇಡಿ. ಅದನ್ನು ಬ್ಯಾಂಕು ನಗದು ಮುಂಗಡ ಎಂದು ಪರಿಗಣಿಸಿದರೆ ಶುಲ್ಕವೂ ಬೀಳುತ್ತದೆ, ಮೊದಲ ದಿನದಿಂದಲೇ ಬಡ್ಡಿಯೂ ಓಡುತ್ತದೆ.

ದಡ ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸೇರಿರುವುದಿಲ್ಲ, ಬಿಲ್ಲು ಕಂಡರೆ ಎದೆ ಧಸಕ್ಕೆನ್ನುತ್ತದೆ. ಮನೆಗೆ ಮಾತಾಡಲು ಹಡಗಿನ ವೈಫೈ ಕೊಂಡರೆ ಸಾಕು.

ಕೊನೆಯ ರಾತ್ರಿ ಖಾತೆಯ ಪೂರ್ಣ ಪಟ್ಟಿ ಕೇಳಿ ಪಡೆದು ಓದಿ. ತೆಗೆದುಕೊಳ್ಳದ ನೀರಿನ ಬಾಟಲಿ, ಎರಡು ಸಲ ಬಿದ್ದ ಫೋಟೋ ದರ ಇಂಥದ್ದನ್ನು ಅಲ್ಲೇ ಕೌಂಟರಿನಲ್ಲಿ ತೆಗೆಸುವುದು ಐದು ನಿಮಿಷದ ಕೆಲಸ. ಊರಿಗೆ ಬಂದ ಮೇಲೆ ಅದೇ ಕೆಲಸಕ್ಕೆ ವಾರಗಟ್ಟಲೆ ಇಮೇಲ್ ಬರೆಯಬೇಕು.

ಹಂತ 9: ಬಿಲ್ಲು ಪೂರ್ತಿ ಕಟ್ಟಿ

ಪೂರ್ತಿ ಎಂದರೆ ಪೂರ್ತಿ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಸಣ್ಣ ಅಂಕಿ ಇರುತ್ತದೆ. ಎರಡು ಲಕ್ಷದ ಬಿಲ್ಲಿಗೆ ಹತ್ತು ಸಾವಿರ ಕಟ್ಟಿ ಸುಮ್ಮನಾದರೆ ಉಳಿದ ₹1,90,000ದ ಮೇಲೆ ತಿಂಗಳಿಗೆ ಶೇ. 3.75ರಂತೆ ₹7,125 ಬಡ್ಡಿ, ಅದರ ಮೇಲೆ ಜಿಎಸ್‌ಟಿ, ಒಟ್ಟು ₹8,400 ದಾಟುತ್ತದೆ. ಇದು ಒಂದೇ ತಿಂಗಳದ್ದು. ಕಷ್ಟಪಟ್ಟು ಉಳಿಸಿದ ಮಾರ್ಕಪ್, ಕೂಡಿಸಿದ ಪಾಯಿಂಟ್ ಎಲ್ಲ ಮೊದಲ ತಿಂಗಳಲ್ಲೇ ಹೋಯಿತು. ಸಾಲದ್ದಕ್ಕೆ ಹೊಸ ಖರ್ಚಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಪೂರ್ತಿ ಕಟ್ಟುವ ಹಣ ಕೈಯಲ್ಲಿ ಇಲ್ಲದಿದ್ದರೆ ಆ ವರ್ಷ ಕ್ರೂಸ್ ಬೇಡ. ಇದನ್ನು ಕಟುವಾಗಿಯೇ ಹೇಳುತ್ತೇನೆ, ಏಕೆಂದರೆ ಒಂದು ವರ್ಷ ಕಾಫಿ ರೇಟು ಬಿದ್ದರೆ ಆ ಬಾಕಿ ಮನೆಯವರೆಲ್ಲರ ನೆಮ್ಮದಿ ತಿನ್ನುತ್ತದೆ. ಕೊನೆಯ ದಿನಾಂಕ ಮರೆಯುವ ಭಯವಿದ್ದರೆ ಪೂರ್ಣ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಸಿ, ಕನಿಷ್ಠ ಮೊತ್ತಕ್ಕಲ್ಲ.

ಬಂದ ಬಿಲ್ಲನ್ನು ಹಡಗಿನ ಖಾತೆಯ ಪಟ್ಟಿಯ ಜೊತೆ ಇಟ್ಟು ಸಾಲು ಸಾಲಾಗಿ ನೋಡಿ. ವಿದೇಶಿ ಖರ್ಚಿನ ಕೆಳಗೆ ಮಾರ್ಕಪ್ ಮತ್ತು ಜಿಎಸ್‌ಟಿ ಬೇರೆ ಬೇರೆ ಸಾಲಾಗಿ ಬಂದಿರಬಹುದು. ಮಾರ್ಕಪ್ ಇಲ್ಲವೆಂದು ಹೇಳಿದ ಕಾರ್ಡಿನಲ್ಲಿ ಆ ಸಾಲು ಕಂಡರೆ ಕೂಡಲೇ ಬರೆಯಿರಿ. ನೀವು ಮಾಡದ ಖರ್ಚು ಕಂಡರೆ ಮೊದಲು ಆ್ಯಪಿನಲ್ಲಿ ಕಾರ್ಡ್ ನಿಲ್ಲಿಸಿ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ತಡಮಾಡಿದಷ್ಟೂ ಹೊಣೆ ನಿಮ್ಮ ಮೇಲೆ ಬರುತ್ತದೆ. ವಿದೇಶಿ ಜಾಲತಾಣಗಳು ಒಟಿಪಿ ಇಲ್ಲದೆಯೂ ಹಣ ಕಡಿಯಬಲ್ಲವು, ಆದ್ದರಿಂದ ಊರಿಗೆ ಬಂದ ದಿನವೇ ಅಂತರರಾಷ್ಟ್ರೀಯ ಬಳಕೆಯನ್ನು ಮತ್ತೆ ಆಫ್ ಮಾಡಿ. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಉಚಿತವಾಗಿ ದೂರು ಕೊಡಬಹುದು. 14448ಕ್ಕೆ ಕರೆ ಮಾಡಿದರೆ ಹೇಗೆಂದು ಹೇಳುತ್ತಾರೆ.

ಪ್ರವಾಸಕ್ಕೆಂದೇ ತೆಗೆದ ಕಾರ್ಡ್ ಇನ್ನು ಬೇಡ ಎನಿಸಿದರೆ, ಮುಂದಿನ ವಾರ್ಷಿಕ ಶುಲ್ಕ ಬೀಳುವ ಮೊದಲೇ ಉಳಿದ ಪಾಯಿಂಟ್ ಬಳಸಿ, ಬಾಕಿ ತೀರಿಸಿ, ಮುಚ್ಚಲು ಬರೆದುಕೊಡಿ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ ₹500ರಂತೆ ಬ್ಯಾಂಕೇ ನಿಮಗೆ ಕೊಡಬೇಕು. ಶುಲ್ಕವಿಲ್ಲದ ಕಾರ್ಡ್ ಆಗಿದ್ದರೆ ಮುಚ್ಚದೆ ಇಟ್ಟುಕೊಳ್ಳಿ, ಹಳೆಯ ಖಾತೆ ಸಾಲದ ಇತಿಹಾಸಕ್ಕೆ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಅದರಲ್ಲೊಂದು ಸಣ್ಣ ಖರ್ಚು ಮಾಡಿ ಕಟ್ಟಿದರೆ ಸಾಕು.